ಅಣ್ಣನ ಡಿಸ್ಕು, ತಮ್ಮನ ಲ್ಯಾಪ್‌ಟಾಪು: ಹಳೆಯ ಆಟಗಳನ್ನು ಎಮ್ಯುಲೇಟರಿನಲ್ಲಿ ಆಡಿದರೆ ತಪ್ಪೇ?

ಪ್ರಶ್ನೆ: ವಕೀಲ ಸಾಹೇಬರೇ, ನಾನು ಕಲಬುರಗಿಯ ಬ್ರಹ್ಮಪುರದವನು. ನಮ್ಮ ಅಣ್ಣ ನೌಕರಿಗೆಂದು ಪುಣೆಗೆ ಹೋಗುವಾಗ ತನ್ನ ಸೋನಿ ಪ್ಲೇಸ್ಟೇಷನ್ 2 ಗೇಮ್ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋದ. ಕರೆಂಟ್ ಕೊಟ್ಟರೆ ಚಾಲೂ ಆಗುತ್ತದೆ, ಆದರೆ ಲೆನ್ಸ್ ಹೋಗಿರುವುದರಿಂದ ಡಿಸ್ಕ್ ಓದುವುದಿಲ್ಲ. ಪೆಟ್ಟಿಗೆಯಲ್ಲಿ ಹನ್ನೊಂದು ಒರಿಜಿನಲ್ ಡಿಸ್ಕುಗಳಿವೆ. ಇನ್ನೊಂದು ಪೌಚಿನಲ್ಲಿ ಪೇಟೆಯಲ್ಲಿ ಕೊಂಡ, ಮಾರ್ಕರಿನಿಂದ ಹೆಸರು ಬರೆದ ನಲವತ್ತರಷ್ಟು ಡಿಸ್ಕುಗಳಿವೆ. ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬರುತ್ತಾರೆ. ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿ ಅವರನ್ನು ಆಡಿಸಬಹುದೇ? ಡಿಸ್ಕ್ ಹೇಗೂ ನಮ್ಮ ಬಳಿ ಇದೆ, ಅದೇ ಆಟವನ್ನು ಅಂತರ್ಜಾಲದಿಂದ ಇಳಿಸಿಕೊಂಡರೆ ತಪ್ಪೇ? ಹತ್ತು ಸಾವಿರ ಆಟ ತುಂಬಿದ ಕೈಯಂತ್ರ ಮೂರು ಸಾವಿರಕ್ಕೆ ಸಿಗುತ್ತದೆ ಎಂದು ಗೆಳೆಯನೊಬ್ಬ ಹೇಳುತ್ತಾನೆ. ವಿಶ್ವವಿದ್ಯಾಲಯದ ಕಡೆ ನನ್ನದೊಂದು ಚಹಾ ಅಂಗಡಿ ಇದೆ, ಅಲ್ಲಿ ಎರಡು ಟಿವಿ ಇಟ್ಟು ಅರ್ಧ ಗಂಟೆಗೆ 20 ರೂಪಾಯಿಯಂತೆ ಆಡಿಸೋಣ ಎಂದು ಇನ್ನೊಬ್ಬ ಹೇಳುತ್ತಾನೆ. ಯಾವುದು ಸರಿ, ಯಾವುದು ತಪ್ಪು, ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನಿಮ್ಮ ಆತಂಕ ಕಳೆಯುತ್ತೇನೆ. ಎಮ್ಯುಲೇಟರ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವುದು ಅಪರಾಧವಲ್ಲ. ಆ ಹನ್ನೊಂದು ಒರಿಜಿನಲ್ ಡಿಸ್ಕುಗಳಿಂದ ನೀವೇ ಪ್ರತಿ ತೆಗೆದು, ಮನೆಯಲ್ಲಿ ಮಕ್ಕಳೊಂದಿಗೆ ಕೂತು ಆಡುವುದಕ್ಕೂ ನಮ್ಮ ಕಾಯ್ದೆಯಲ್ಲಿ ಜಾಗವಿದೆ. ಅಂತರ್ಜಾಲದಿಂದ ಇಳಿಸಿಕೊಳ್ಳುವುದು, ಆಟ ತುಂಬಿದ ಯಂತ್ರ ಕೊಳ್ಳುವುದು, ಅಂಗಡಿಯಲ್ಲಿ ಹಣಕ್ಕೆ ಆಡಿಸುವುದು, ಈ ಮೂರೂ ಬೇಡ. ಪೌಚಿನಲ್ಲಿರುವ ನಲವತ್ತು ಡಿಸ್ಕುಗಳ ಮಾತು ಸ್ವಲ್ಪ ನೋವಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಎಮ್ಯುಲೇಟರ್ ಅಂದರೇನು ಎಂದು ಕೇಳಿದವರಿಗೆ ನಾನು ನಮ್ಮ ಕೋರ್ಟಿನ ಆವರಣದ್ದೇ ಒಂದು ಉದಾಹರಣೆ ಕೊಡುತ್ತೇನೆ. 1948ರವರೆಗೆ ಈ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದ ಜಮೀನಿನ ಕಾಗದಪತ್ರಗಳು ಉರ್ದುವಿನಲ್ಲಿವೆ. ಹಳೆಯ ಹಿಸ್ಸೆಯ ದಾವೆ ಬಂದಾಗ ಉರ್ದು ಬಲ್ಲ ಹಿರಿಯರೊಬ್ಬರನ್ನು ಹುಡುಕಿ, ಆ ಕಾಗದವನ್ನು ಅವರ ಮುಂದಿಟ್ಟು ಕನ್ನಡದಲ್ಲಿ ಓದಿಸಿಕೊಳ್ಳುತ್ತೇವೆ. ಆ ಹಿರಿಯರ ಓದುವ ವಿದ್ಯೆಯ ಮೇಲೆ ಯಾರೂ ದಾವೆ ಹೂಡಲು ಬರುವುದಿಲ್ಲ. ಅವರ ಮುಂದಿಟ್ಟ ಕಾಗದ ನಮ್ಮ ಮನೆಯದೋ, ಪಕ್ಕದ ಮನೆಯ ಟ್ರಂಕಿನಿಂದ ಎತ್ತಿ ತಂದದ್ದೋ ಎಂಬುದನ್ನು ಮಾತ್ರ ಕೇಳಬಹುದು. ಎಮ್ಯುಲೇಟರ್ ಆ ಹಿರಿಯರಿದ್ದಂತೆ. ಪ್ಲೇಸ್ಟೇಷನ್ 2ರೊಳಗಿನ ‘ಎಮೋಷನ್ ಎಂಜಿನ್’ ಎಂಬ ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳನ್ನು ಅದು ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಅರ್ಥವಾಗುವಂತೆ ಆಯಾ ಕ್ಷಣದಲ್ಲೇ ಅನುವಾದಿಸುತ್ತದೆ. ಚಿತ್ರ ಮೂಡಿಸುವ ಚಿಪ್ಪು, ಸದ್ದು ಹೊರಡಿಸುವ ಚಿಪ್ಪು, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎಲ್ಲದರ ನಡವಳಿಕೆಯನ್ನೂ ಅನುಕರಿಸುತ್ತದೆ. ಪ್ರಾಮಾಣಿಕವಾಗಿ ಬರೆದ ಎಮ್ಯುಲೇಟರಿನಲ್ಲಿ ಸೋನಿಯ ಕೋಡಿನ ಒಂದು ಸಾಲೂ ಇರುವುದಿಲ್ಲ. ಯಂತ್ರ ಹೇಗೆ ವರ್ತಿಸುತ್ತದೆ ಎಂದು ವರ್ಷಗಟ್ಟಲೆ ಗಮನಿಸಿ, ಅದೇ ವರ್ತನೆಯನ್ನು ಹೊಸದಾಗಿ ಬರೆದಿರುತ್ತಾರೆ. ಈ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಇದನ್ನು ಮಾಡಿದವರಲ್ಲಿ ಬಹಳಷ್ಟು ಜನ ಸಂಬಳವಿಲ್ಲದೆ ದುಡಿದವರು.

ಈ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳಲ್ಲಿ ಬಹಳ ಹಿಂದೆಯೇ ಪರೀಕ್ಷೆಗೆ ಬಂದಿತ್ತು. ಕನೆಕ್ಟಿಕ್ಸ್ ಎಂಬ ಕಂಪನಿ 1999ರ ಜನವರಿಯಲ್ಲಿ, ಮೊದಲ ಪ್ಲೇಸ್ಟೇಷನ್ನಿನ ಆಟಗಳನ್ನು ಆಪಲ್ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಸೋನಿ ದಾವೆ ಹೂಡಿತು. ಯಂತ್ರದೊಳಗಿನ ತಂತ್ರಾಂಶವನ್ನು ಅಭ್ಯಾಸಕ್ಕಾಗಿ ನಕಲಿಸಿ, ಅದರ ಗುಟ್ಟು ತಿಳಿದು, ಸ್ವಂತವಾಗಿ ಬೇರೆ ತಂತ್ರಾಂಶ ಬರೆಯುವುದು ನ್ಯಾಯೋಚಿತ ಬಳಕೆ ಎಂದು ಅಲ್ಲಿನ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ 2000ದ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಅದೇ ನ್ಯಾಯಾಲಯ 1992ರಲ್ಲಿ ಸೆಗಾ ಮತ್ತು ಅಕೊಲೇಡ್ ಎಂಬ ಗೇಮ್ ಕಂಪನಿಗಳ ನಡುವಿನ ವ್ಯಾಜ್ಯದಲ್ಲೂ ಇದೇ ದಾರಿ ಹಿಡಿದಿತ್ತು. ಆದರೆ ಕೋರ್ಟಿನಲ್ಲಿ ಗೆದ್ದವರೆಲ್ಲ ಬದುಕಲಿಲ್ಲ. ಬ್ಲೀಮ್ ಎಂಬ ಇನ್ನೊಂದು ಎಮ್ಯುಲೇಟರಿನವರು ಸೋನಿಯ ಎದುರು ನಿಂತು ಗೆದ್ದರು, ವಕೀಲರ ಖರ್ಚು ತಾಳಲಾರದೆ 2001ರಲ್ಲಿ ಬಾಗಿಲು ಮುಚ್ಚಿದರು. ಕನೆಕ್ಟಿಕ್ಸಿನ ತಂತ್ರಾಂಶವನ್ನು ಸೋನಿಯೇ ಕೊಂಡು ಮಾರಾಟ ನಿಲ್ಲಿಸಿತು. ಅದೇ ಸೋನಿ 2018ರಲ್ಲಿ ‘ಪ್ಲೇಸ್ಟೇಷನ್ ಕ್ಲಾಸಿಕ್’ ಎಂಬ ಪುಟ್ಟ ಯಂತ್ರವನ್ನು ಮಾರಿದಾಗ, ಅದರೊಳಗೆ ಆಟಗಳನ್ನು ಓಡಿಸುತ್ತಿದ್ದದ್ದು ಹವ್ಯಾಸಿಗಳು ಬರೆದ ಮುಕ್ತ ತಂತ್ರಾಂಶದ ಎಮ್ಯುಲೇಟರು. ವಿದ್ಯೆ ತಪ್ಪಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಅಮೆರಿಕದ ತೀರ್ಪು ಕಲಬುರಗಿಯ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ನಮಗೆ ಮುಖ್ಯವಾದದ್ದು ನಮ್ಮದೇ ಕೃತಿಸ್ವಾಮ್ಯ ಕಾಯ್ದೆ, 1957. ಅದಕ್ಕೆ 1999ರಲ್ಲಿ ತಂದ ತಿದ್ದುಪಡಿ 2000ದ ಜನವರಿ 15ರಿಂದ ಜಾರಿಯಲ್ಲಿದೆ. ಆ ತಿದ್ದುಪಡಿ ಕಲಂ 52ಕ್ಕೆ ಸೇರಿಸಿದ ಖಂಡಗಳು, ಒಂದು ಪ್ರೋಗ್ರಾಮಿನ ಜೊತೆ ಹೊಂದಿಕೊಂಡು ಕೆಲಸ ಮಾಡುವ ಬೇರೊಂದು ಸ್ವತಂತ್ರ ಪ್ರೋಗ್ರಾಮನ್ನು ಬರೆಯಲು ಅಗತ್ಯವಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಹೊರತೆಗೆಯಲು ಅವಕಾಶ ಕೊಡುತ್ತವೆ. ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸಲು ಅವಕಾಶ ಕೊಡುತ್ತವೆ. ಎಮ್ಯುಲೇಟರ್ ಬರೆಯುವವರು ಮಾಡುವುದು ಇದನ್ನೇ.

ಇನ್ನು ನಿಮ್ಮ ಡಿಸ್ಕುಗಳಿಗೆ ಬರೋಣ. ಕಾಯ್ದೆಯ ಕಲಂ 2ರ ವ್ಯಾಖ್ಯೆಯಂತೆ ಕಂಪ್ಯೂಟರ್ ಪ್ರೋಗ್ರಾಮ್ ಎಂಬುದು ‘ಸಾಹಿತ್ಯ ಕೃತಿ’. ಕತೆ, ಕಾದಂಬರಿಯ ಸಾಲಿನಲ್ಲೇ ಅದನ್ನು ಕೂರಿಸಿದ್ದಾರೆ. ಅದರ ಪ್ರತಿ ತೆಗೆಯುವ ಹಕ್ಕು ಮೂಲತಃ ಮಾಲೀಕನದು. ಆದರೆ ಕಲಂ 52(1)ರಲ್ಲಿ ಎರಡು ಕಿಂಡಿಗಳಿವೆ, ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಅವುಗಳ ಪದಗಳಲ್ಲೇ ಅಡಗಿದೆ. ಮೊದಲನೆಯದು ‘ಎಎ’ ಖಂಡ. ಪ್ರತಿಯೊಂದನ್ನು ಕಾನೂನುಬದ್ಧವಾಗಿ ಕೈಯಲ್ಲಿಟ್ಟುಕೊಂಡವನು, ಆ ಪ್ರತಿಯಿಂದ, ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲೆಂದು, ಅಥವಾ ಹಾಳಾದರೆ ಕಳೆದುಹೋದರೆ ಇರಲೆಂದು ತಾತ್ಕಾಲಿಕ ರಕ್ಷಣೆಗಾಗಿ ಇನ್ನೊಂದು ಪ್ರತಿ ತೆಗೆಯಬಹುದು. ಎರಡನೆಯದು ‘ಎಡಿ’ ಖಂಡ. ತಾನು ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗಾಗಿ ಪ್ರತಿ ತೆಗೆಯಬಹುದು, ಬದಲಾಯಿಸಿಕೊಳ್ಳಲೂಬಹುದು.

ಎರಡರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಎರಡನೆಯದರ ಮೇಲೆ. ಮೊದಲ ಖಂಡವನ್ನು ಹಿಡಿದರೆ, ‘ಈ ಡಿಸ್ಕನ್ನು ನಾವು ಕೊಟ್ಟದ್ದು ಪ್ಲೇಸ್ಟೇಷನ್ನಿನಲ್ಲಿ ಆಡಲೆಂದು, ಲ್ಯಾಪ್‌ಟಾಪಿನಲ್ಲಿ ಆಡಲೆಂದಲ್ಲ’ ಎಂದು ಕಂಪನಿಯ ವಕೀಲರು ವಾದಿಸಬಹುದು. ಎರಡನೆಯ ಖಂಡದಲ್ಲಿ ‘ಕೊಟ್ಟ ಉದ್ದೇಶ’ ಎಂಬ ಷರತ್ತೇ ಇಲ್ಲ. ಸ್ವಂತ ಬಳಕೆ, ವ್ಯಾಪಾರವಿಲ್ಲ, ಪ್ರತಿ ಸಕ್ರಮವಾಗಿ ಬಂದದ್ದು, ಇಷ್ಟಿದ್ದರೆ ಸಾಕು.

ಆಟದಲ್ಲಿ ಪ್ರೋಗ್ರಾಮ್ ಮಾತ್ರ ಇರುವುದಿಲ್ಲವಲ್ಲ, ಸಂಗೀತವಿದೆ, ಚಿತ್ರವಿದೆ, ಸಿನಿಮಾದಂಥ ದೃಶ್ಯಗಳಿವೆ, ಈ ಖಂಡಗಳು ಅವಕ್ಕೂ ಅನ್ವಯಿಸುತ್ತವೆಯೇ ಎಂದು ನಮ್ಮ ಕಿರಿಯ ವಕೀಲರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕಲಂ 52(1)ರ ‘ಎ’ ಖಂಡ ಅಲ್ಲಿ ಕೈ ಹಿಡಿಯುತ್ತದೆ. ಕಂಪ್ಯೂಟರ್ ಪ್ರೋಗ್ರಾಮ್ ಅಲ್ಲದ ಯಾವುದೇ ಕೃತಿಯನ್ನು ಖಾಸಗಿ ಅಥವಾ ಸ್ವಂತ ಉಪಯೋಗಕ್ಕೆ ನ್ಯಾಯೋಚಿತವಾಗಿ ಬಳಸಬಹುದು ಎನ್ನುತ್ತದೆ ಅದು. ಪ್ರೋಗ್ರಾಮಿಗೆ ಒಂದು ಕೊಡೆ, ಉಳಿದ ಕೃತಿಗಳಿಗೆ ಇನ್ನೊಂದು ಕೊಡೆ. ಎರಡನ್ನೂ ಕೂಡಿಸಿ ಹಿಡಿದರೆ ನಿಮ್ಮ ಮನೆಯೊಳಗಿನ ಆಟ ನೆನೆಯುವುದಿಲ್ಲ ಎಂಬುದು ನನ್ನ ಓದು. ಕೋರ್ಟಿನಲ್ಲಿ ನಿಂತು ಇದನ್ನೇ ವಾದಿಸಲು ನಾನು ಹಿಂಜರಿಯುವುದಿಲ್ಲ.

ಡಿಸ್ಕುಗಳು ಅಣ್ಣನವಲ್ಲವೇ, ನಿಮ್ಮವಲ್ಲವಲ್ಲ ಎಂಬ ಸಂಶಯ ಬರಬಹುದು. ‘ಎಎ’ ಖಂಡ ‘ಕೊಂಡವನು’ ಎನ್ನುವುದಿಲ್ಲ, ‘ಕಾನೂನುಬದ್ಧವಾಗಿ ಹೊಂದಿರುವವನು’ ಎನ್ನುತ್ತದೆ. ಆದರೆ ‘ಎಡಿ’ ಖಂಡದ ಬಲ ಬೇಕೆಂದರೆ ಪ್ರತಿ ನೀವೇ ಪಡೆದದ್ದಾಗಿರಬೇಕು. ಅದಕ್ಕೆ ದಾರಿ ಸುಲಭ. ಅಣ್ಣ ಅವನ್ನು ನಿಮಗೆ ಕೊಟ್ಟುಬಿಡಲಿ.

ಈಗ ‘ಇಳಿಸಿಕೊಂಡರೆ ತಪ್ಪೇ’ ಎಂಬ ಪ್ರಶ್ನೆ. ಎರಡೂ ಖಂಡಗಳಲ್ಲಿ ಒಂದು ಪುಟ್ಟ ಮಾತಿದೆ: ಪ್ರತಿಯನ್ನು ತೆಗೆಯಬೇಕಾದದ್ದು ‘ಆ ಪ್ರತಿಯಿಂದ’. ನಿಮ್ಮ ಕೈಯಲ್ಲಿರುವ ಡಿಸ್ಕಿನಿಂದ. ಅಂತರ್ಜಾಲದಲ್ಲಿ ಸಿಗುವ ಫೈಲು ನಿಮ್ಮ ಡಿಸ್ಕಿನಿಂದ ಹುಟ್ಟಿದ್ದಲ್ಲ. ಎಲ್ಲಿಯೋ ಯಾರೋ ತಮ್ಮ ಡಿಸ್ಕಿನಿಂದ ತೆಗೆದು, ಹಕ್ಕಿಲ್ಲದಿದ್ದರೂ ಲೋಕಕ್ಕೆಲ್ಲ ಹಂಚಿದ ಪ್ರತಿ ಅದು. ಒಂದೊಂದು ಬೈಟೂ ನಿಮ್ಮ ಡಿಸ್ಕಿನಲ್ಲಿರುವುದಕ್ಕೆ ಹೊಂದಿದರೂ ಅದರ ವಂಶ ಬೇರೆ. ‘ಅದೇ ಆಟ ನನ್ನ ಹತ್ತಿರ ಇದೆಯಲ್ಲ’ ಎಂಬ ಸಮಾಧಾನ ಮನಸ್ಸಿಗೆ ಸರಿ, ಕಾಯ್ದೆಯ ಪದಗಳಿಗೆ ಸರಿಹೊಂದುವುದಿಲ್ಲ.

ಇಳಿಸಿಕೊಂಡು 24 ಗಂಟೆಯೊಳಗೆ ಅಳಿಸಿದರೆ ತಪ್ಪಿಲ್ಲ ಎಂಬ ಮಾತನ್ನು ನನ್ನ ಬಳಿ ಬರುವ ಹುಡುಗರೆಲ್ಲ ಹೇಳುತ್ತಾರೆ. ನಮ್ಮ ಕಾಯ್ದೆಯಲ್ಲಿ ಅಂಥ ಸಾಲೇ ಇಲ್ಲ. ಕಂಪನಿ ಆಟವನ್ನು ಮಾರುವುದು ನಿಲ್ಲಿಸಿದೆ, ಆದ್ದರಿಂದ ಅದು ವಾರಸುದಾರರಿಲ್ಲದ ಸ್ವತ್ತು ಎಂಬುದೂ ಸುಳ್ಳು. ಹಕ್ಕು ಬಿಟ್ಟುಕೊಡಬೇಕೆಂದರೆ ಮಾಲೀಕರು ಕಲಂ 21ರಂತೆ ನೋಟಿಸು ಕೊಟ್ಟು ಬಿಡಬೇಕು, ಸುಮ್ಮನಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ‘ಭಾರತದಲ್ಲಿ ಮಾರಿಯೇ ಇಲ್ಲ’ ಎಂಬ ವಾದವೂ ನಿಲ್ಲದು. 1928ರಿಂದ ನಾವು ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಲ್ಲಿದ್ದೇವೆ, ಜಪಾನಿನ ಕೃತಿಗೂ ಇಲ್ಲಿ ನಮ್ಮ ಕೃತಿಯಷ್ಟೇ ರಕ್ಷಣೆ. ಇನ್ನು ಅವಧಿಯ ಲೆಕ್ಕ. ಹೇಗೆ ಎಣಿಸಿದರೂ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಕಡಿಮೆಯಾಗುವುದಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ 2045 ಮುಗಿಯುವ ತನಕ ಯಾರ ಕೈಗೂ ಬಿಡುವಾಗುವುದಿಲ್ಲ. ನಿಮ್ಮ ಪ್ಲೇಸ್ಟೇಷನ್ 2ರ ಆಟಗಳಿಗೆ ಇನ್ನೂ ದೂರದ ದಾರಿ.

ಪೌಚಿನಲ್ಲಿರುವ ಆ ನಲವತ್ತು ಡಿಸ್ಕುಗಳಿಗೆ ಬರುತ್ತೇನೆ. ಇದನ್ನು ಬರೆಯುವಾಗ ನನ್ನ ಬಾಲ್ಯವೇ ಕಣ್ಣ ಮುಂದೆ ನಿಲ್ಲುತ್ತದೆ. ನಮ್ಮ ಊರು ಗುಲಬರ್ಗಾ ಆಗಿದ್ದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವಂತಿರಲಿಲ್ಲ, ಶಹಾಬಾದ್ ಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿಕೊಂಡು ಮಲಗುತ್ತಿದ್ದೆವು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಟಿವಿ ಗೇಮ್ ತರುತ್ತಿದ್ದೆವು. ‘ಕ್ಯಾಸೆಟ್ಟಿ’ನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಹತ್ತೋ ಹದಿನೈದೋ ಆಟ. ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯುವ ಆಟ, ಟ್ಯಾಂಕಿನ ಆಟ. ಅಣ್ಣತಮ್ಮಂದಿರು ಜಗಳವಾಡದೆ ಜೊತೆಯಾಗಿ ಕೂತದ್ದು ಕಾಂಟ್ರಾದ ಎದುರು ಮಾತ್ರ. ಆ ಯಂತ್ರ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು ಎಂದು ನನಗೆ ತಿಳಿದದ್ದು ಕಾನೂನು ಓದುವಾಗ. ನಾನು ಕಣ್ಣಾರೆ ಕಂಡ ಕ್ಯಾಸೆಟ್ಟುಗಳಲ್ಲಿ ಒಂದೂ ಒರಿಜಿನಲ್ ಆಗಿರಲಿಲ್ಲ.

ನಮ್ಮ ಭಾಗದ ಮಕ್ಕಳಿಗೆ ಒರಿಜಿನಲ್ ಸಿಗುತ್ತಿರಲಿಲ್ಲ, ಸಿಕ್ಕರೂ ಕೈಗೆಟುಕುತ್ತಿರಲಿಲ್ಲ. ಅಂಗಡಿಯವನು ಕೊಟ್ಟದ್ದನ್ನು ಹಣ ಕೊಟ್ಟು, ನಂಬಿಕೆಯಿಂದ ತಂದೆವು. ಅದರಲ್ಲಿ ನಿಮ್ಮ ಅಣ್ಣನ ಪಾಪವೇನೂ ಇಲ್ಲ ಎಂದೇ ನಾನು ಭಾವಿಸುತ್ತೇನೆ. ಆದರೆ ‘ನನ್ನ ಬಳಿ ಡಿಸ್ಕ್ ಇದೆ’ ಎಂಬ ವಾದ ನಿಲ್ಲಬೇಕಾದರೆ ಆ ಡಿಸ್ಕೇ ಸಕ್ರಮವಾಗಿರಬೇಕು. ನಕಲಿನಿಂದ ತೆಗೆದ ಪ್ರತಿಗೆ ‘ಎಎ’ಯೂ ಇಲ್ಲ, ‘ಎಡಿ’ಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ ಕಲಂ 63ಬಿ ಎಂಬುದೊಂದಿದೆ. ನಕಲು ಪ್ರತಿ ಎಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದೇ ಒಂದು ಅಪರಾಧ. ಮಾರಬೇಕಿಲ್ಲ, ಹಂಚಬೇಕಿಲ್ಲ. ಶಿಕ್ಷೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ ಬಳಸಿಲ್ಲವೆಂದಾದರೆ, ಸಾಕಷ್ಟು ವಿಶೇಷ ಕಾರಣಗಳನ್ನು ದಾಖಲಿಸಿ, ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡದಲ್ಲಿ ಮುಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಬ್ರಹ್ಮಪುರದ ಮನೆಯ ಲ್ಯಾಪ್‌ಟಾಪ್ ನೋಡಲು ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಯಾರೂ ಬರಲಿಕ್ಕಿಲ್ಲ. ಆದರೆ ನೀವು ನನ್ನನ್ನು ಕೇಳಿದ್ದು ಸಿಕ್ಕಿಬೀಳುತ್ತೇನೆಯೇ ಎಂದಲ್ಲ, ಸರಿಯೇ ಎಂದು. ಆ ಪೌಚನ್ನು ನೆನಪಿಗಾಗಿ ಇಟ್ಟುಕೊಳ್ಳಿ, ಲ್ಯಾಪ್‌ಟಾಪಿಗೆ ಹಾಕಬೇಡಿ.

ಹನ್ನೊಂದು ಡಿಸ್ಕುಗಳ ಪ್ರತಿ ತೆಗೆಯುವ ಕೆಲಸ ಕಷ್ಟದ್ದಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಸಾಕು. ಪ್ಲೇಸ್ಟೇಷನ್ 2ರ ಡಿಸ್ಕಿನ ಅಡಿಭಾಗ ಬೆಳ್ಳಿ ಬಣ್ಣದ್ದಾಗಿದ್ದರೆ ಅದು ಡಿವಿಡಿ, ಐಎಸ್ಒ ಫೈಲಾಗಿ ತೆಗೆಯಿರಿ. ನೀಲಿ ಬಣ್ಣದ್ದಾಗಿದ್ದರೆ ಸಿಡಿ, ಅದನ್ನು ಬಿನ್ ಮತ್ತು ಕ್ಯೂ ಫೈಲುಗಳಾಗಿ ತೆಗೆಯುವುದು ಒಳ್ಳೆಯದು. ಸಾಮಾನ್ಯ ಡ್ರೈವು ಈ ಡಿಸ್ಕುಗಳನ್ನು ಯಾವ ಬೀಗವನ್ನೂ ಒಡೆಯದೆ ಓದುತ್ತದೆ, ಇದು ಕಾನೂನಿನ ದೃಷ್ಟಿಯಿಂದ ದೊಡ್ಡ ಅನುಕೂಲ. 2012ರ ತಿದ್ದುಪಡಿ ತಂದ ಕಲಂ 65ಎ, ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎನ್ನುತ್ತದೆ. ‘ಉಲ್ಲಂಘಿಸುವ ಉದ್ದೇಶದಿಂದ’ ಎಂಬ ಮಾತನ್ನು ಗಮನಿಸಿ. ಅಮೆರಿಕದ ಕಾಯ್ದೆ ಇದಕ್ಕಿಂತ ಕಠಿಣ, ಅಲ್ಲಿ ಬೀಗ ಮುರಿಯುವುದೇ ತಪ್ಪಾಗುತ್ತದೆ. 2024ರಲ್ಲಿ ನಿಂಟೆಂಡೊ ಸ್ವಿಚ್ಚಿನ ಎಮ್ಯುಲೇಟರ್ ಆದ ಯೂಜು ಮೇಲೆ ನಿಂಟೆಂಡೊ ದಾವೆ ಹೂಡಿದ್ದು ಮುಖ್ಯವಾಗಿ ಆ ಬೀಗದ ಆಧಾರದ ಮೇಲೆ. ಯೂಜು ತಂಡ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸವನ್ನೇ ನಿಲ್ಲಿಸಿತು. ಹೊಸ ಯಂತ್ರಗಳ ಆಟಗಳಿಗೆ ಗೂಢಲಿಪಿಯ ಬೀಗವಿರುತ್ತದೆ, ಆ ಕಡೆ ಹೋಗಬೇಡಿ. ನಿಮ್ಮ ಹಳೆಯ ಡಿಸ್ಕುಗಳು ಆ ಗೊಂದಲದಿಂದ ಹೊರಗಿವೆ.

ಒಂದು ತೊಡಕು ಬಯೋಸ್‌ನದು. ಯಂತ್ರ ಚಾಲೂ ಆದ ಕೂಡಲೇ ಓಡುವ ಸೋನಿಯ ಸ್ವಂತ ತಂತ್ರಾಂಶ ಅದು. ಪ್ಲೇಸ್ಟೇಷನ್ 2ರ ಎಮ್ಯುಲೇಟರ್ ಪಿಸಿಎಸ್ಎಕ್ಸ್2 ಅದನ್ನು ಕೇಳುತ್ತದೆ, ಕೊಡುವುದಿಲ್ಲ. ಅದನ್ನು ಅಂತರ್ಜಾಲದಿಂದ ಎತ್ತಿಕೊಂಡರೆ, ಆಟವನ್ನು ಎತ್ತಿಕೊಂಡಷ್ಟೇ ತಪ್ಪು. ನಿಮ್ಮ ಯಂತ್ರಕ್ಕೆ ಕರೆಂಟ್ ಬರುತ್ತದೆ ಎಂದು ಬರೆದಿದ್ದೀರಿ, ಅದು ಸಂತೋಷದ ಸಂಗತಿ. ಮೆಮೊರಿ ಕಾರ್ಡಿನ ಮೂಲಕ ಸಣ್ಣದೊಂದು ತಂತ್ರಾಂಶ ಓಡಿಸಿ, ನಿಮ್ಮದೇ ಯಂತ್ರದ ಬಯೋಸನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಬಹುದು, ಲೆನ್ಸಿನ ಅಗತ್ಯವೇ ಬೀಳುವುದಿಲ್ಲ. ಆ ಕಾರಣಕ್ಕೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ಮುಂದೆ ಡಿಸ್ಕುಗಳನ್ನು ಯಾರಿಗಾದರೂ ಮಾರಿದರೆ, ಅವುಗಳಿಂದ ತೆಗೆದ ಪ್ರತಿಗಳನ್ನೂ ಅಳಿಸಬೇಕು. ಒಂದನ್ನು ಮಾರಿ ಇನ್ನೊಂದನ್ನು ಉಳಿಸಿಕೊಳ್ಳುವ ಹಕ್ಕು ನಿಮಗಿಲ್ಲ. ಬೇರೆ ಯಂತ್ರಗಳಲ್ಲಿ ಈ ತಲೆನೋವು ಕಡಿಮೆ. ಸೋನಿಯ ಕೈಯಂತ್ರ ಪಿಎಸ್‌ಪಿಯ ಎಮ್ಯುಲೇಟರ್ ಪಿಪಿಎಸ್ಎಸ್‌ಪಿಪಿಗೆ ಬಯೋಸ್ ಬೇಕೇ ಇಲ್ಲ, ನಾವು ಬಾಡಿಗೆಗೆ ತರುತ್ತಿದ್ದ ಟಿವಿ ಗೇಮಿನ ಎಮ್ಯುಲೇಟರುಗಳಿಗೂ ಬೇಡ.

ಹತ್ತು ಸಾವಿರ ಆಟದ ಕೈಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಸಾವಿರ ಆಟಗಳ ಮಾಲೀಕರಿಂದ ಅನುಮತಿ ಪಡೆದು ಮೂರು ಸಾವಿರ ರೂಪಾಯಿಗೆ ಮಾರಲು ಯಾವ ವ್ಯಾಪಾರಿಗೂ ಸಾಧ್ಯವಿಲ್ಲ, ಇದು ಕೂಡಿಸಿ ಕಳೆಯುವ ಲೆಕ್ಕ. ಆಟದ ಕಂಪನಿಗಳ ಹಕ್ಕಿನ ಜೊತೆಗೆ, ಎಮ್ಯುಲೇಟರ್ ಬರೆದ ಹವ್ಯಾಸಿಗಳ ಮಾತನ್ನೂ ಇಂಥ ಯಂತ್ರಗಳು ಮುರಿಯುತ್ತವೆ. ಉದಾಹರಣೆಗೆ ಎಸ್‌ಎನ್‌ಇಎಸ್9ಎಕ್ಸ್ ಎಂಬ ಎಮ್ಯುಲೇಟರಿನ ಪರವಾನಗಿಯಲ್ಲಿ ವ್ಯಾಪಾರಕ್ಕೆ ಬಳಸಬಾರದೆಂದು ಸ್ಪಷ್ಟವಾಗಿ ಬರೆದಿದೆ. ಖಾಲಿ ಯಂತ್ರ ಸಿಕ್ಕರೆ ಕೊಳ್ಳಿ, ನಿಮ್ಮ ಸ್ವಂತ ಪ್ರತಿಗಳನ್ನು ಹಾಕಿಕೊಳ್ಳಿ.

ಚಹಾ ಅಂಗಡಿಯ ಯೋಜನೆಯ ಬಗ್ಗೆ ನನಗೆ ನಿಜವಾಗಿ ಭಯವಿದೆ. ಇಷ್ಟೂ ಹೊತ್ತು ನಾನು ಕೊಟ್ಟ ರಕ್ಷಣೆಯೆಲ್ಲ ‘ವ್ಯಾಪಾರಕ್ಕಲ್ಲದ ಸ್ವಂತ ಬಳಕೆ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಮೊದಲ 20 ರೂಪಾಯಿ ಕೈಗೆ ಬಿದ್ದ ಕ್ಷಣ ಅದು ಕುಸಿಯುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ವ್ಯಾಪಾರದ ಬಾಡಿಗೆಗೆ ಕೊಡುವ ಹಕ್ಕು ಕಲಂ 14ರ ಪ್ರಕಾರ ಮಾಲೀಕನದೇ. ನಿಮ್ಮ ಒರಿಜಿನಲ್ ಡಿಸ್ಕುಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಮನೆಬಳಕೆಗೆ ಮಾತ್ರ, ಬಾಡಿಗೆಗೆ ಕೊಡುವಂತಿಲ್ಲ, ಹಣ ಪಡೆದು ಆಡಿಸುವಂತಿಲ್ಲ ಎಂಬ ಅರ್ಥದ ಸಾಲುಗಳು ಅಲ್ಲಿರುತ್ತವೆ. ಒರಿಜಿನಲ್ ಡಿಸ್ಕಿಗೇ ಹೀಗೆಂದ ಮೇಲೆ ಪ್ರತಿಯ ಮಾತೇಕೆ? ಕೃತಿಸ್ವಾಮ್ಯದ ಉಲ್ಲಂಘನೆಗೆ ಕಲಂ 63ರ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಸೆರೆವಾಸ, 50 ಸಾವಿರದಿಂದ 2 ಲಕ್ಷ ದಂಡ. ಅಪರಾಧ ಲಾಭಕ್ಕಾಗಿ ನಡೆದಿಲ್ಲ ಎಂದಾಗ ಮಾತ್ರ ಕನಿಷ್ಠ ಶಿಕ್ಷೆಯನ್ನು ಇಳಿಸಬಹುದು, ಅಂಗಡಿ ಇಟ್ಟವರಿಗೆ ಆ ದಾರಿಯೂ ಮುಚ್ಚುತ್ತದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ನಕಲು ಪ್ರತಿಗಳನ್ನೂ ಅವನ್ನು ತಯಾರಿಸಲು ಬಳಸಿದ ಸಾಧನಗಳನ್ನೂ ಜಪ್ತಿ ಮಾಡಬಹುದು. ಕಲಂ 63ರ ಅಪರಾಧ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಮತ್ತು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಚಹಾ ಮಾರಿ ಮನೆ ನಡೆಸುವ ನಿಮ್ಮಂಥ ಯುವಕ ಇಂಥದ್ದಕ್ಕೆ ಸಿಕ್ಕಿ ಕೋರ್ಟಿನ ಮೆಟ್ಟಿಲು ಹತ್ತುವುದು ನನಗೆ ಸಹಿಸದು.

ಇಷ್ಟಾದರೂ ಅಂಗಡಿಯಲ್ಲಿ ಹಳೆಯ ಆಟದ ಸೊಗಸು ಬೇಕೇ ಬೇಕು ಎನ್ನುವುದಾದರೆ, ಹಳೆಯ ಯಂತ್ರಗಳಿಗಾಗಿ ಇಂದೂ ಹೊಸ ಆಟ ಬರೆಯುವವರಿದ್ದಾರೆ. 2019ರಲ್ಲಿ ಬಂದ ‘ಮೈಕ್ರೊ ಮೇಜಸ್’ ಎಂಬ ಆಟ ಕೇವಲ 40 ಕಿಲೋಬೈಟಿನದು, ನಮ್ಮ ಕಾಲದ ಟಿವಿ ಗೇಮಿಗೆಂದೇ ಬರೆದದ್ದು, ನಾಲ್ಕು ಜನ ಒಟ್ಟಿಗೆ ಆಡಬಹುದು. ಇಂಥ ಆಟಗಳನ್ನು ಬರೆದವರು ಸಣ್ಣ ತಂಡದವರು. ಅಂಗಡಿಯಲ್ಲಿ ಆಡಿಸುತ್ತೇನೆ, ಏನು ಕೊಡಬೇಕು ಎಂದು ನೇರವಾಗಿ ಬರೆದು ಕೇಳಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಪಾಲಿಕೆಯ ವ್ಯಾಪಾರ ಪರವಾನಗಿಯ ವಿಚಾರ ಬೇರೆ, ಅದನ್ನೂ ಮರೆಯಬೇಡಿ. ಮನೆಯಲ್ಲಿ ಕಾಂಟ್ರಾ ಆಡಬೇಕೆಂದರೆ ಕೊನಾಮಿ 2019ರಲ್ಲಿ ತನ್ನ ಹಳೆಯ ಕಾಂಟ್ರಾ ಆಟಗಳ ಸಂಗ್ರಹವನ್ನೇ ಕಂಪ್ಯೂಟರಿಗೂ ಬಿಡುಗಡೆ ಮಾಡಿದೆ, ಕೊಂಡು ಆಡಿ. ಜಪಾನಿನ ದೊಡ್ಡ ಕಂಪನಿಗೆ ನಮ್ಮ ಹಣ ಯಾಕೆ ಎಂದು ನಿಮ್ಮ ಗೆಳೆಯರು ಕೇಳಿದರೆ, ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಈ ಜಿಲ್ಲೆ ಪಟ್ಟ ಹೆಮ್ಮೆಯನ್ನು ನೆನಪಿಸಿ. ಬೇರೆ ಊರಿನ ಬೇಳೆಯನ್ನು ನಮ್ಮ ಹೆಸರಿನಲ್ಲಿ ಮಾರಿದರೆ ನಮಗೂ ಸಿಟ್ಟು ಬರುತ್ತದೆ.

ಹಾಗೆಂದು ಕಾನೂನು ಎಲ್ಲವನ್ನೂ ಸರಿಯಾಗಿ ಬರೆದಿದೆ ಎಂದು ನಾನು ಹೇಳಲಾರೆ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಹಣ ಕೊಡಲು ಸಿದ್ಧನಿರುವವನಿಗೂ ಕೊಳ್ಳಲು ಸಿಗುವುದಿಲ್ಲ. ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಕೃತಿಗಳನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಕೂಡಿಡಲು 2012ರಲ್ಲಿ ಅವಕಾಶ ಕೊಟ್ಟರು, ಆದರೆ ಗ್ರಂಥಾಲಯದ ಬಳಿ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಇರಬೇಕೆಂಬ ಷರತ್ತು ಹಾಕಿದರು. ವಿಡಿಯೋ ಗೇಮಿಗೆ ಡಿಜಿಟಲ್ ಅಲ್ಲದ ಪ್ರತಿ ಎಲ್ಲಿಂದ ಬರಬೇಕು? ಪುಸ್ತಕವನ್ನು ಮನಸ್ಸಿನಲ್ಲಿಟ್ಟು ಬರೆದ ಸಾಲು ಅದು, ಆಟಗಳನ್ನು ಮರೆತುಬಿಟ್ಟಿದೆ. ಆ ಖಂಡಕ್ಕೆ ತಿದ್ದುಪಡಿ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ. ತಿದ್ದುಪಡಿ ಬರುವವರೆಗೆ ಹಳೆಯ ಆಟಗಳು ಉಳಿಯುವುದು ನಿಮ್ಮ ಮನೆಯ ಪೆಟ್ಟಿಗೆಯಂಥ ಪೆಟ್ಟಿಗೆಗಳಲ್ಲಿ.

ಆದ್ದರಿಂದ ಈ ಭಾನುವಾರವೇ ಪುಣೆಗೆ ಫೋನ್ ಮಾಡಿ. ‘ಆ ಯಂತ್ರವನ್ನೂ ಹನ್ನೊಂದು ಡಿಸ್ಕುಗಳನ್ನೂ ನಿನಗೆ ಕೊಟ್ಟಿದ್ದೇನೆ’ ಎಂಬ ಒಂದು ಸಾಲನ್ನು ಅಣ್ಣ ವಾಟ್ಸ್‌ಆ್ಯಪಿನಲ್ಲಿ ಕಳಿಸಲಿ, ಆಟಗಳ ಹೆಸರಿನ ಸಮೇತ. ಡಿಸ್ಕುಗಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಬಿಸಿಲು ಏರುವ ಮುನ್ನ ಪ್ರತಿ ತೆಗೆಯಿರಿ. ಡಿಸ್ಕುಗಳನ್ನು ಮಾಳಿಗೆಯ ಮೇಲಿನ ಕೋಣೆಯಲ್ಲಿ ಇಡಬೇಡಿ. ಕೆಳಗಿನ ಮನೆಯಲ್ಲಿ, ಅಲ್ಮಾರಿಯ ತಳದ ಖಾನೆಯಲ್ಲಿ, ನಿಲ್ಲಿಸಿ ಇಡಿ.